ಮತ್ತೆ ಕೇಳುವುದು

2019ರ ಮಾರ್ಚ್ ತಿಂಗಳಲ್ಲಿ ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊರಗೆ ತಿರುಗಾಡುವ ಉತ್ಸಾಹವಿಲ್ಲದ ಮುದುಕನಿಗೆ ಟೀವಿಯೇ ಗತಿ. ಆ ದಿನಗಳಲ್ಲಿ ಅಲ್ಲಿನ ಟೀವಿಯಲ್ಲಿ ಇದ್ದದ್ದು ಒಂದೇ ಸುದ್ದಿ. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು ಹೇಗೆ, ಯಾವಾಗ, ನಿಜಕ್ಕೂ ಬರಲೇಬೇಕೆ. 18ನೆಯ ತಾರೀಖು ಸೋಮವಾರ ಕೆಳಮನೆಯ ಸ್ಪೀಕರ್ ಜಾನ್ ಬರ್ಕೋ ಎದ್ದು ನಿಂತು ಒಂದು ಹಳೆಯ ಪದ್ಧತಿಯನ್ನು ಸಭೆಗೆ ನೆನಪಿಸಿದರು. ಸದನ ಒಮ್ಮೆ ತೀರ್ಮಾನಿಸಿದ ಪ್ರಶ್ನೆಯನ್ನೇ ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಈ ಪದ್ಧತಿ 1604ರಷ್ಟು ಹಿಂದಿನದು. ಪ್ರಧಾನಿ ತೆರೆಸಾ ಮೇ ತಾವು ಒಕ್ಕೂಟದೊಡನೆ ಕುದುರಿಸಿಕೊಂಡು ಬಂದ ಒಪ್ಪಂದವನ್ನು ಅಷ್ಟರಲ್ಲಿ ಎರಡು ಸಲ ಸದನದ ಮುಂದಿಟ್ಟು ಎರಡು ಸಲವೂ ಸೋತಿದ್ದರು. ಮೊದಲ ಸಲ 202ಕ್ಕೆ 432 ಮತಗಳ ಸೋಲು. ಬ್ರಿಟನ್ನಿನ ಸರ್ಕಾರವೊಂದು ಈಚಿನ ಕಾಲದಲ್ಲಿ ಹಾಗೆ ಸೋತದ್ದೇ ಇಲ್ಲ. ಮೂರನೆಯ ಸಲ ಅದನ್ನೇ ತರಲು ಹೊರಟಾಗ ಸ್ಪೀಕರ್ ನಾನೂರು ವರ್ಷದ ಬಾಗಿಲು ಹಾಕಿದರು.

ನನಗೆ ನಗು ಬಂತು. ಏಕೆಂದರೆ ಇದೇ ಪ್ರಧಾನಿ, ಜನರನ್ನು ಇನ್ನೊಮ್ಮೆ ಕೇಳೋಣ ಎಂದವರಿಗೆಲ್ಲ ಅದು ಜನರಿಗೆ ಬಗೆಯುವ ದ್ರೋಹ ಎಂದು ಹೇಳುತ್ತ ಬಂದಿದ್ದರು. ಜನರನ್ನು ಎರಡು ಸಲ ಕೇಳಬಾರದು, ಸದನವನ್ನು ಮಾತ್ರ ಮೂರು ಸಲ ಕೇಳಬಹುದು! ಪಕ್ಕದಲ್ಲಿ ಕೂತಿದ್ದ ಅಳಿಯ ನಗಲಿಲ್ಲ.

ಆ ಮನೆಯ ರಾಜಕೀಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. 2016ರ ಜೂನ್ 23ರ ಜನಮತಗಣನೆಯಲ್ಲಿ ಮಗಳೂ ಅಳಿಯನೂ ಮತ ಹಾಕಿದ್ದರು. ಆಗ ಇಬ್ಬರ ಕೈಯಲ್ಲೂ ಇದ್ದದ್ದು ಭಾರತದ ಪಾಸ್‌ಪೋರ್ಟೇ. ಬ್ರಿಟನ್ನಿನಲ್ಲಿ ನೆಲಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದ ಹಕ್ಕಿದೆ. ಪಕ್ಕದ ಮನೆಯ ಇಟಲಿಯ ಹೆಂಗಸು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಇದ್ದು ತೆರಿಗೆ ಕಟ್ಟಿದವಳು. ತನ್ನ ಬದುಕೇ ಆ ಪ್ರಶ್ನೆಯಲ್ಲಿದ್ದರೂ ಅವಳಿಗೆ ಮತವಿರಲಿಲ್ಲ. ನಮ್ಮ ಹುಡುಗರಿಗೆ ಇತ್ತು. ಮಗಳು ಆಸ್ಪತ್ರೆಯ ವೈದ್ಯೆ. ಯೂರೋಪಿನ ನಾನಾ ದೇಶಗಳ ದಾದಿಯರೊಡನೆ ಕೆಲಸ ಮಾಡುವವಳು. ಅವಳು ಉಳಿಯೋಣ ಎಂದು ಹಾಕಿದಳು. ಅಳಿಯ ಹೊರಡೋಣ ಎಂದು ಹಾಕಿದ. ಅವನ ಸಿಟ್ಟು ಬೇರೆ. ದಾವಣಗೆರೆಯಲ್ಲಿ ಒಬ್ಬಳೇ ಇರುವ ತಾಯಿಯನ್ನು ತನ್ನ ಬಳಿಗೆ ಕರೆಸಿಕೊಳ್ಳಲು ಅವನು ಓಡಾಡಿ ಸೋತಿದ್ದ. 2012ರಲ್ಲಿ ಬಂದ ನಿಯಮಗಳ ಪ್ರಕಾರ ಹೊರಗಿನವರು ವಯಸ್ಸಾದ ತಂದೆತಾಯಿಯನ್ನು ಅಲ್ಲಿಗೆ ತಂದಿಟ್ಟುಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಯೂರೋಪಿನವರಿಗೆ ಆ ತೊಡಕಿರಲಿಲ್ಲ. 'ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಯಾಕೆ ಮಾವ?' ಎಂಬುದು ಅವನ ಪ್ರಶ್ನೆ. ಒಕ್ಕೂಟ ಬಿಟ್ಟ ಮೇಲೂ ಆ ನಿಯಮ ಸಡಿಲವಾಗಲಿಲ್ಲ, ಅದು ಬೇರೆ ಮಾತು. ಗಂಡ ಹೆಂಡತಿಯ ಮತಗಳು ಒಂದನ್ನೊಂದು ಹೊಡೆದುಹಾಕಿದವು. ಊರೂ ಹಾಗೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಲ್ಕೂವರೆ ಲಕ್ಷ ಜನ ಮತ ಹಾಕಿದ್ದು, ಹೊರಡುವವರು ಗೆದ್ದದ್ದು ನಾಲ್ಕು ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಇಡೀ ದೇಶದ ಲೆಕ್ಕ ಶೇಕಡ 51.9ಕ್ಕೆ 48.1.

ಆ ವಾರದ ಶನಿವಾರ, 23ರಂದು, ಜನರನ್ನು ಮತ್ತೊಮ್ಮೆ ಕೇಳಿ ಎಂದು ಒತ್ತಾಯಿಸುವ ದೊಡ್ಡ ಮೆರವಣಿಗೆ ಲಂಡನ್ನಿನಲ್ಲಿತ್ತು. ಮಗಳು ಹೊರಟಿದ್ದಳು. ನಾನೂ ಬರುತ್ತೇನೆ ಎಂದಿದ್ದೆ. ಪರದೇಶದ ಜಗಳದಲ್ಲಿ ನನಗೇನು ಕೆಲಸ ಎಂದು ಓದುಗರು ಕೇಳಬಹುದು. ಮಕ್ಕಳು ಎಲ್ಲಿ ಬೇರು ಬಿಡುತ್ತಾರೋ ಅಲ್ಲಿನ ಜಗಳಗಳು ನಮ್ಮವೂ ಆಗುತ್ತವೆ. ಅಲ್ಲದೆ ನನಗೆ ಉಳಿಯುವ ಪಕ್ಷದ ವಾದ ಸರಿಯೆಂದೇ ತೋರಿತ್ತು. ಹೊರಡುವುದು ಎಂದರೆ ಏನೆಂದು 2016ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಂಕದ ಒಕ್ಕೂಟದಲ್ಲಿರುವುದೋ ಬಿಡುವುದೋ, ಐರ್ಲೆಂಡಿನ ಗಡಿ ಏನಾಗುವುದು, ಒಂದೂ ಪ್ರಶ್ನೆಯಲ್ಲಿರಲಿಲ್ಲ. ಈಗ ಒಪ್ಪಂದದ ಕಾಗದ ಕಣ್ಣ ಮುಂದಿದೆ, ಇದು ನಿಮಗೆ ಒಪ್ಪಿಗೆಯೇ ಎಂದು ಕೇಳುವುದರಲ್ಲಿ ತಪ್ಪೇನು? ಡೆನ್ಮಾರ್ಕಿನವರು 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದವನ್ನು ಕೂದಲೆಳೆಯಲ್ಲಿ ತಿರಸ್ಕರಿಸಿ ಮರುವರ್ಷ ಒಪ್ಪಿದರು. ಐರ್ಲೆಂಡಿನವರು 2001ರಲ್ಲಿ ಬೇಡ ಎಂದದ್ದಕ್ಕೆ 2002ರಲ್ಲಿ ಹೂಂ ಎಂದರು, 2008ರಲ್ಲಿ ಬೇಡ ಎಂದದ್ದಕ್ಕೆ 2009ರಲ್ಲಿ ಹೂಂ ಎಂದರು. ಇದನ್ನೆಲ್ಲ ಅಳಿಯನ ಮುಂದೆ ಮೇಷ್ಟರ ಹಾಗೆ ಒಪ್ಪಿಸಿದೆ. ಕಲಿಸಿ ಕಲಿಸಿ ಬಂದ ಚಟ.

ಅವನು ಎಲ್ಲ ಕೇಳಿಸಿಕೊಂಡು, 'ಮಾವ, ಯಾವತ್ತಾದರೂ ಹೂಂ ಅಂದವರನ್ನ ಮತ್ತೆ ಕೇಳಿದಾರಾ? ಬೇಡ ಅಂದವರನ್ನ ಮಾತ್ರ ಮತ್ತೆ ಕೇಳ್ತಾರೆ. ಅದು ಕೇಳೋದಲ್ಲ, ಹೇಳಿಸೋದು' ಅಂದ.

ನಾನು ಉತ್ತರ ಕೊಡಲಿಲ್ಲ. ಅವನು ಗೆದ್ದೆನೆಂದುಕೊಂಡಿರಬೇಕು. ನನಗೆ ನೆನಪಾದದ್ದು ಐರ್ಲೆಂಡಲ್ಲ.

ನಮ್ಮ ತಂದೆ 1991ರಲ್ಲಿ ತೀರಿಕೊಂಡರು. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದ ಮನೆಯಲ್ಲಿ ಅಮ್ಮ ಒಬ್ಬಳೇ ಉಳಿದಳು. ನಾವು ಮೂವರು ಗಂಡುಮಕ್ಕಳೂ ಪೇಟೆ ಸೇರಿದವರು. 1995ರ ದೀಪಾವಳಿಗೆ ಎಲ್ಲರೂ ಕೂಡಿದಾಗ ಮನೆ ಮಾರುವ ಮಾತು ಬಂತು. ಗಿರಾಕಿಯೂ ಸಿದ್ಧನಿದ್ದ. ಅಮ್ಮನನ್ನೊಂದು ಮಾತು ಕೇಳೋಣ ಎಂದೆವು. ಕಾಗದದ ಮೇಲೆ ಅವಳ ರುಜುವೂ ಬೇಕಿತ್ತು ನಿಜ, ಆದರೆ ಕೇಳಿದ್ದು ಅದಕ್ಕಲ್ಲ. ಕೇಳಿದೆವು ಎಂದು ನಮಗೆ ನಾವೇ ಹೇಳಿಕೊಳ್ಳಬೇಕಿತ್ತು. ಅವಳು ಹೂಂ ಎನ್ನುತ್ತಾಳೆ ಎಂಬುದರಲ್ಲಿ ಮೂವರಿಗೂ ಸಂಶಯವಿರಲಿಲ್ಲ. 'ಬೇಡ' ಅಂದಳು. ಅಷ್ಟೇ. ಅವಳು ಬೇಡ ಎಂದರೆ ಏನು ಮಾಡಬೇಕೆಂದು ನಾವು ಯೋಚಿಸಿಯೇ ಇರಲಿಲ್ಲ.

ಈ ವಿಷಯದಲ್ಲಿ ಡೇವಿಡ್ ಕ್ಯಾಮರಾನ್ ನಮ್ಮ ಅಣ್ಣನೋ ತಮ್ಮನೋ ಆಗಬಹುದಿತ್ತು. ಸ್ವಂತ ಪಕ್ಷದೊಳಗಿನ ಕಿರಿಕಿರಿ ಅಡಗಲೆಂದು 2013ರಲ್ಲಿ ಜನಮತಗಣನೆಯ ಮಾತು ಕೊಟ್ಟರು. ಜನ ಉಳಿಯೋಣ ಎನ್ನುತ್ತಾರೆಂಬ ಭರವಸೆಯಲ್ಲಿ, ಹೊರಡೋಣ ಎಂದರೆ ಮುಂದೇನು ಎಂಬುದಕ್ಕೆ ಸರ್ಕಾರ ಸಿದ್ಧತೆಯನ್ನೇ ಮಾಡಲಿಲ್ಲ. ಅದನ್ನು ಸಂಸತ್ತಿನ ಸಮಿತಿಯೇ ಆಮೇಲೆ ಕಟುವಾಗಿ ಟೀಕಿಸಿತು. ಫಲಿತಾಂಶ ಬಂದ ಬೆಳಿಗ್ಗೆಯೇ ಅವರು ರಾಜೀನಾಮೆ ಹೇಳಿ ಹೊರಟರು. ಒಂದೇ ಉತ್ತರಕ್ಕೆ ತಯಾರಾಗಿ ಕೇಳುವವನು ನಿಜವಾಗಿ ಕೇಳುತ್ತಿದ್ದಾನೆಯೇ? ಆದರೂ ಅವರು ಒಂದು ವಿಷಯದಲ್ಲಿ ನಮಗಿಂತ ವಾಸಿ. ಮತ್ತೆ ಕೇಳಲಿಲ್ಲ.

ನಾವು ಕೇಳಿದೆವು. ಯುಗಾದಿಗೆ ಹೋದಾಗ ಅಣ್ಣ ಮಾತು ತೆಗೆದ. 'ಆವತ್ತೇ ಹೇಳಿದ್ದೆನಲ್ಲ' ಅಂದಳು ಅಮ್ಮ. ಆ ವರ್ಷದ ಮಳೆಗಾಲದಲ್ಲಿ ಕೊಟ್ಟಿಗೆ ಕಡೆಯ ಮಾಡಿನಲ್ಲಿ ಗೆದ್ದಲು ಹಿಡಿದ ತೊಲೆಯೊಂದು ಮುರಿದು ಬಿತ್ತು. ನಾವು ಮೂವರೂ ಓಡಿದೆವು. ಈಗ ಪರಿಸ್ಥಿತಿಯೇ ಬದಲಾಗಿದೆ ಎಂದು ಅಮ್ಮನಿಗೆ ಹೇಳಿದವನು ನಾನು. ಮನೆ ಪೂರ್ತಿ ಶಿಥಿಲವಾಗಿದೆ, ರಾತ್ರಿ ನೀನು ಮಲಗಿದ್ದಾಗ ಬಿದ್ದರೆ ಏನು ಗತಿ ಎಂದೆ. ಬೆಳಿಗ್ಗೆ ಬಂದು ನೋಡಿದ ಬಡಗಿ, ಎರಡು ದಿನದ ಕೆಲಸ ಅಯ್ಯಾ, ಉಳಿದದ್ದೆಲ್ಲ ಗಟ್ಟಿ ಇದೆ, ಎಂದದ್ದನ್ನು ಹೇಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮಗೆ ಸರಿ ಕಂಡ ಹಾಗೆ ಮಾಡಿ' ಅಂದಳು. ಅದನ್ನು ನಾವು ಹೂಂ ಎಂದು ಬರೆದುಕೊಂಡೆವು.

ಆ ಶನಿವಾರ ಮೊಣಕಾಲು ನೋವೆಂದು ಹೇಳಿ ಮೆರವಣಿಗೆಗೆ ಹೋಗಲಿಲ್ಲ. ಮಗಳೊಬ್ಬಳೇ ಬೆಳಗಿನ ರೈಲು ಹತ್ತಿದಳು.

ಮನೆಯಲ್ಲಿ ಕೂತು ಯೋಚಿಸಿದಂತೆ ಅಳಿಯನ ಮಾತೂ ಪೂರ್ತಿ ನಿಲ್ಲಲಿಲ್ಲ. ಹಾಗೆ ನೋಡಿದರೆ 2016ರ ಜನಮತಗಣನೆಯೇ ಎರಡನೆಯ ಸಲ ಕೇಳಿದ್ದು. 1975ರಲ್ಲಿ ಇದೇ ಜನರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ಉಳಿಯೋಣ ಎಂದಿದ್ದರು. ಆ ಉತ್ತರ ಹಿಡಿಸದವರು ನಲವತ್ತೊಂದು ವರ್ಷ ಪಟ್ಟು ಬಿಡದೆ ಮತ್ತೆ ಕೇಳಿಸಿದರು. ಹೂಂ ಅಂದವರನ್ನೂ ಮತ್ತೆ ಕೇಳಿದ್ದುಂಟು, ಅಳಿಯನಿಗೆ ಅದು ಹೊಳೆಯಲಿಲ್ಲ, ನನಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಮತದಾನಕ್ಕೆ ಒಂದು ತಿಂಗಳ ಮುಂಚೆ ನೈಜಲ್ ಫರಾಜ್, 52-48ರಲ್ಲಿ ತಮ್ಮವರು ಸೋತರೆ ಅಲ್ಲಿಗೇ ಮುಗಿಯುವುದಿಲ್ಲ ಎಂದಿದ್ದರು. ಅಂತರ ಅಷ್ಟೇ ಬಂತು, ಗೆದ್ದವರು ಅವರಾದರು, ಮಾತು ಅಲ್ಲಿಗೇ ಮುಗಿಯಿತು! ಶೇಕಡ ಅರವತ್ತು ಮತ ಬಾರದಿದ್ದರೆ ಮತ್ತೆ ಕೇಳಬೇಕು ಎಂದು ಸಂಸತ್ತಿಗೆ ಒಂದು ಮನವಿ ಹೋಗಿ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರಲ್ಲ, ಅದನ್ನು ಮತದಾನಕ್ಕೆ ಮೊದಲೇ ಶುರುಮಾಡಿದವನು ಹೊರಡುವ ಪಕ್ಷದವನು. ತನ್ನವರು ಸೋಲುತ್ತಾರೆಂದುಕೊಂಡಿದ್ದ. ಸಹಿ ಹಾಕಿದವರು ಎದುರು ಪಕ್ಷದವರು. ಮತ್ತೆ ಕೇಳುವುದು ಧರ್ಮವೋ ಅಧರ್ಮವೋ ಎಂಬುದು ಸೋತವರು ಯಾರು ಎಂಬುದರ ಮೇಲೆ ನಿಂತಿದ್ದರೆ, ಅದರಲ್ಲಿ ಧರ್ಮದ ಮಾತೇ ಇಲ್ಲ.

ಪ್ರಶ್ನೆ ಬದಲಾಗಿದ್ದರೆ ಮತ್ತೆ ಕೇಳಬಹುದು, ಬದಲಾಗದಿದ್ದರೆ ಕೂಡದು ಎಂದು ಒಂದು ಗೆರೆ ಎಳೆದು ನೋಡಿದೆ. 1604ರ ಪದ್ಧತಿಯ ತಿರುಳೂ ಅದೇ. ಆದರೆ ಪ್ರಶ್ನೆ ಬದಲಾಗಿದೆ ಎಂದು ತೀರ್ಮಾನಿಸುವವರು ಯಾರು? ಕೇಳುವವನೇ. ತೆರೆಸಾ ಮೇ ಅದೇ ತಿಂಗಳ 29ರಂದು ಒಪ್ಪಂದದ ಜೊತೆಗಿದ್ದ ರಾಜಕೀಯ ಘೋಷಣೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ತಂದರು, ಆದ್ದರಿಂದ ಇದು ಬೇರೆ ಪ್ರಶ್ನೆಯಾಯಿತು. ಮೂರನೆಯ ಸಲವೂ ಸೋತರು. ನನ್ನ ಕೈಯಲ್ಲೂ ಮುರಿದ ತೊಲೆಯೊಂದು ಇತ್ತು. ಅದು ಸುಳ್ಳು ತೊಲೆಯಲ್ಲ, ನಿಜವಾಗಿ ಬಿದ್ದದ್ದೇ. ಬಡಗಿಯ ಮಾತನ್ನು ಅಡಗಿಸಿದ್ದರಿಂದ ಅದು ಸುಳ್ಳಾಯಿತು. 2016ರಲ್ಲಿ ಎರಡು ಕಡೆಯವರೂ ಇದನ್ನು ಧಾರಾಳವಾಗಿ ಮಾಡಿದರು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂದು ಕೆಂಪು ಬಸ್ಸಿನ ಮೇಲೆ ಬರೆಸಿದವರು, ಅದರಲ್ಲಿ ತಿರುಗಿ ಬರುವ, ಕಳಿಸದೆಯೇ ಮುರಿದುಕೊಳ್ಳುವ ಹಣದ ಲೆಕ್ಕ ಬಿಟ್ಟಿದ್ದರು. ಹೊರಡೋಣ ಎಂದು ಮತ ಹಾಕಿದರೆ ಆ ವರ್ಷವೇ ಆರ್ಥಿಕ ಕುಸಿತ ಎಂದು ಖಜಾನೆ ಇಲಾಖೆ ಹೆದರಿಸಿತು; ಆ ವರ್ಷ ಹಾಗಾಗಲಿಲ್ಲ.

ಸಂಜೆ ಚಹಾ ಮಾಡಿಕೊಂಡು ಬಂದ ಅಳಿಯ, ಬೆಳಗಿನ ಸಿಟ್ಟು ಇಳಿದ ದನಿಯಲ್ಲಿ ಕೇಳಿದ: 'ಸರಿ ಮಾವ, ಇನ್ನೊಂದು ಸಲ ಕೇಳಿದರು ಅಂತಲೇ ಇಟ್ಟುಕೊಳ್ಳಿ. ಮತ್ತೆ 52 ಪರ್ಸೆಂಟ್ ಹೊರಡೋಣ ಅಂತಲೇ ಬಂದರೆ? ಆಗ ನೀವು, ಇವಳು, ಎಲ್ಲ ಸುಮ್ಮನಾಗ್ತೀರಾ?'

ಆಗುತ್ತೇವೆ ಎಂದು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಟೀವಿಯಲ್ಲಿ ಮೆರವಣಿಗೆ ತೋರಿಸುತ್ತಿದ್ದರು. ಲಕ್ಷಾಂತರ ಜನ, ನೀಲಿ ಬಾವುಟಗಳು, ಅದರ ನಡುವೆ ಎಲ್ಲೋ ನನ್ನ ಮಗಳು. ಅವರಲ್ಲಿ ಎಷ್ಟು ಜನ ಆ ಪ್ರಶ್ನೆಗೆ ಹೂಂ ಎನ್ನುತ್ತಿದ್ದರೋ. ಮತ್ತೆ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅದೇ ಉತ್ತರವನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲು ತಯಾರಿರುವವನಿಗೆ ಎಂದು ಈಗ ನನಗೆ ಅನ್ನಿಸುತ್ತದೆ. 1996ರಲ್ಲಿ ನಾನು ತಯಾರಿರಲಿಲ್ಲ. 2019ರಲ್ಲೂ ಇದ್ದೆನೆಂದು ಹೇಳಲಾರೆ.

ಇನ್ನೊಂದು ಸಂಗತಿ ಕಾಡುತ್ತದೆ. ಕೇಳಿಸಿಕೊಂಡು ಕೇಳಿಸಿಕೊಂಡು ದಣಿದವರು ಕೊಡುವ ಉತ್ತರಕ್ಕೆ ಏನು ಬೆಲೆ? ಜನರನ್ನು ಮತ್ತೆ ಕೇಳುವ ಸಲಹೆ ಏಪ್ರಿಲ್ 1ರಂದು ಸದನದಲ್ಲಿ ಹನ್ನೆರಡೇ ಮತಗಳಿಂದ ಬಿದ್ದುಹೋಯಿತು. ಡಿಸೆಂಬರಿನ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಇದನ್ನೊಮ್ಮೆ ಮುಗಿಸಿಬಿಡೋಣ ಎಂಬ ಒಂದೇ ಮಾತು ಹಿಡಿದು 365 ಸ್ಥಾನ ಗೆದ್ದರು. ಮತ್ತೆ ಕೇಳುತ್ತೇವೆ ಎಂದ ಲೇಬರ್ ಪಕ್ಷಕ್ಕೆ 202. ಉಳಿಯುವ ಪರ ಮತ ಹಾಕಿದ್ದ ಇಟಲಿಯವಳ ಇಂಗ್ಲಿಷ್ ಗಂಡನೂ ಈ ಸಲ ಜಾನ್ಸನ್ನರ ಪಕ್ಷಕ್ಕೇ ಹಾಕಿದನಂತೆ. ಸಾಕಾಗಿ ಹೋಗಿತ್ತು ಎಂದನಂತೆ. ಅವನು ಮನಸ್ಸು ಬದಲಿಸಿದನೋ ಮನಸ್ಸನ್ನೇ ಕೈಬಿಟ್ಟನೋ, ಹೊರಗಿನಿಂದ ಎರಡೂ ಒಂದೇ ಗುರುತಾಗಿ ಚೀಟಿಯ ಮೇಲೆ ಬೀಳುತ್ತವೆ. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಬಂತು. ಅದು ತಪ್ಪಾಯಿತು ಎನ್ನುವವರೇ ಈಚಿನ ವರ್ಷಗಳ ಸಮೀಕ್ಷೆಗಳಲ್ಲಿ ಹೆಚ್ಚು. ಮಗಳು ಫೋನಿನಲ್ಲಿ ಅದನ್ನು ಹೇಳುವಾಗ ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಕೇಳಿಸುವುದಿಲ್ಲ.

ಮನೆ ಮಾರಿದ ಮೇಲೆ ಅಮ್ಮ ಶಿವಮೊಗ್ಗದಲ್ಲಿ ನಮ್ಮೊಡನೆ ಹನ್ನೊಂದು ವರ್ಷ ಇದ್ದಳು. ಮನೆಯ ಮಾತು ಎತ್ತಲಿಲ್ಲ, ನಮ್ಮನ್ನು ದೂರಲಿಲ್ಲ. ಮೊಮ್ಮಗಳಿಗೆ ಜಡೆ ಹಾಕುತ್ತ, ಹೂ ಕಟ್ಟುತ್ತ ಇದ್ದಳು. ಕಡೆಯ ವರ್ಷದ ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬಾರದ ಒಂದು ದಿನ ಇದ್ದಕ್ಕಿದ್ದಂತೆ, 'ಅಲ್ಲಿ ಬಾವಿಯಲ್ಲಿ ನೀರಿದೆಯಂತಾ?' ಎಂದು ಕೇಳಿದಳು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ. ಕೆಲಸದ ಗಡಿಬಿಡಿಯಲ್ಲಿ ವಿಚಾರಿಸಲಿಲ್ಲ. ಅವಳು ಮತ್ತೆ ಕೇಳಲಿಲ್ಲ.