ಕೈಯ ಚೇತರಿಕೆ ಮತ್ತು ಅನುಮೋದನೆಯ ಪ್ರಶ್ನೆ

ಹಿಂಸೆಗೆ ಮೂರು ದ್ವಾರಗಳುಂಟು. ತಾನೇ ಮಾಡುವುದು ಕೃತ, ಅನ್ಯರಿಂದ ಮಾಡಿಸುವುದು ಕಾರಿತ, ಮಾಡಿದುದಕ್ಕೆ ಸಮ್ಮತಿಸುವುದು ಅನುಮೋದನ. ಮೂಕಜೀವಿಗಳ ನೋವಿನಿಂದ ದೊರೆತ ಚಿಕಿತ್ಸೆಯನ್ನು ಶ್ರಾವಕನು ಸ್ವೀಕರಿಸಿದರೆ ಅವನು ಯಾವ ದ್ವಾರದಲ್ಲಿ ನಿಂತಂತಾಯಿತು? ಪಾರ್ಶ್ವವಾಯುವಿನ ನಂತರ ಕೈಗೆ ನೀಡುವ ಎರಡು ಚಿಕಿತ್ಸೆಗಳು ಈ ಪ್ರಶ್ನೆಯನ್ನು ಮುಂದಿಡುತ್ತವೆ.

ಪಾರ್ಶ್ವವಾಯುವಿನಿಂದ ಶಕ್ತಿಗುಂದಿದ ಕೈ ಅನೇಕರಲ್ಲಿ ಕ್ರಮೇಣ ಬಿಗಿಯಾಗುತ್ತದೆ. ಮೊಣಕೈ ಮಡಚಿ ಬೆರಳುಗಳು ಮುಷ್ಟಿಗಟ್ಟುತ್ತವೆ. ರೋಗಿಯು ಸಕಲ ಕಾರ್ಯಗಳನ್ನೂ ಇನ್ನೊಂದು ಕೈಯಿಂದಲೇ ನಡೆಸಲು ರೂಢಿಸಿಕೊಳ್ಳುತ್ತಾನೆ. ಆಗ ಪೀಡಿತ ಕೈಯಲ್ಲಿ ಉಳಿದ ಅಲ್ಪಶಕ್ತಿಯೂ ಬಳಕೆಯಿಲ್ಲದೆ ವ್ಯರ್ಥವಾಗುತ್ತದೆ.

ಈ ರೂಢಿಯನ್ನು ಮುರಿಯುವ ವಿಧಾನವನ್ನು ರೂಪಿಸಿದವರು ಅಮೆರಿಕದ ಎಡ್ವರ್ಡ್ ಟಾಬ್. ಒಳ್ಳೆಯ ಕೈಗೆ ಎಚ್ಚರದ ಹೆಚ್ಚಿನ ಸಮಯ ಕೈಗವಸು ತೊಡಿಸಿ, ಪೀಡಿತ ಕೈಯಿಂದ ಎರಡು ವಾರ ಸತತ ಅಭ್ಯಾಸ ಮಾಡಿಸುವುದೇ ಅದು. ಬೆರಳು, ಮಣಿಕಟ್ಟುಗಳನ್ನು ಸ್ವಲ್ಪವಾದರೂ ಎತ್ತಬಲ್ಲವರಿಗೆ ಮಾತ್ರ ಇದು ಸಾಧ್ಯ. 222 ರೋಗಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಇದರ ಪ್ರಯೋಜನವನ್ನು ತೋರಿಸಿತು. ಆದರೆ ಇದರ ಮೂಲವಿರುವುದು, ತೋಳಿನ ಸಂವೇದನಾನರಗಳನ್ನು ಕತ್ತರಿಸಲಾದ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ. 1981ರಲ್ಲಿ ಸಿಲ್ವರ್ ಸ್ಪ್ರಿಂಗಿನಲ್ಲಿದ್ದ ಟಾಬ್ ಅವರ ಪ್ರಯೋಗಾಲಯದಿಂದ ಪೊಲೀಸರು 17 ಕೋತಿಗಳನ್ನು ವಶಪಡಿಸಿಕೊಂಡರು. ಅವರಿಗೆ ವಿಧಿಸಿದ್ದ ಶಿಕ್ಷೆ ಮೇಲ್ಮನವಿಯಲ್ಲಿ 1983ರಲ್ಲಿ ರದ್ದಾಯಿತು. ಆ ಪ್ರಕರಣದ ಪ್ರಭಾವದಿಂದಲೂ 1985ರಲ್ಲಿ ಅಮೆರಿಕದ ಪ್ರಾಣಿರಕ್ಷಣಾ ಕಾನೂನು ಬಿಗಿಯಾಯಿತು.

ಎರಡನೆಯದು ಬಿಗಿತವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಸಡಿಲವಾದ ಮಾತ್ರಕ್ಕೆ ಕೈ ಕೆಲಸ ಕಲಿಯದು. ಅಭ್ಯಾಸ ಬೇಕೇ ಬೇಕು. ಈ ಔಷಧದ ಸತ್ತ್ವವನ್ನು ಬಹುಕಾಲ ಅಳೆದದ್ದು, ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಎಷ್ಟು ಪ್ರಮಾಣಕ್ಕೆ ಸಾಯುತ್ತವೆ ಎಂಬುದರಿಂದ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಬ್ಬ ತಯಾರಕರಿಗೆ ಇಲಿಗಳ ಬದಲು ಜೀವಕೋಶಗಳ ಮೇಲೆ ಪರೀಕ್ಷಿಸಲು ಅನುಮತಿಯಿತ್ತಿತು.

ಮೇಲ್ನೋಟಕ್ಕೆ ಎರಡೂ ಒಂದೇ. ಲೆಕ್ಕ ಮಾತ್ರ ಬೇರೆ. ಕೈಗವಸಿನ ಅಭ್ಯಾಸವನ್ನು ಎಷ್ಟು ಜನ ಕೈಗೊಂಡರೂ ಹೊಸ ಕೋತಿಯೊಂದು ನೋಯಬೇಕಾಗಿಲ್ಲ. ಅಲ್ಲಿ ಕಾರಿತವಿಲ್ಲ, ಆ ಹಿಂಸೆ ನಡೆದದ್ದು ಒಳ್ಳೆಯದಾಯಿತೆಂದು ಭಾವಿಸದಿದ್ದರೆ ಅನುಮೋದನವೂ ಇಲ್ಲ. ಔಷಧದ ವಿಷಯ ಹಾಗಲ್ಲ. ಮಾರಾಟವಾದ ಸರಕಿನ ಜಾಗಕ್ಕೆ ಮತ್ತೆ ಸರಕು ಬರುತ್ತದೆಂಬುದು ಅಂಗಡಿಯಲ್ಲಿ ಕುಳಿತ ಯಾರಿಗೂ ತಿಳಿದದ್ದೇ. ಇಲಿಗಳ ಮೇಲೆ ಪರೀಕ್ಷಿಸಿದ ಸೀಸೆಯನ್ನು ಕೊಳ್ಳುವುದು ಮುಂದಿನ ಪರೀಕ್ಷೆಗೂ ಬೇಡಿಕೆಯಾಗುತ್ತದೆ.

ಹಾಗಾದರೆ ನಿರಾಕರಿಸಬೇಕೇ? ಉಗುರುಗಳು ಅಂಗೈಗೆ ನಾಟಿ ನರಳುವವನಿಗೆ ಅನ್ಯರು ಔಷಧ ತಡೆಯುವುದೂ ಹಿಂಸೆಯೇ. ಗೃಹಸ್ಥನದು ಅಣುವ್ರತ, ರೋಗಿಯ ಮೇಲೆ ಮಹಾವ್ರತದ ಭಾರ ಹೊರಿಸುವುದು ಸಲ್ಲದು. ವಿಚಾರಿಸುವ ಹೊಣೆ ಹಣ ತೆರುವವರದು. ವೈದ್ಯಕೀಯ ನೆರವು ನೀಡುವ ಟ್ರಸ್ಟುಗಳು ಔಷಧವನ್ನು ಯಾವ ವಿಧಾನದಿಂದ ಪರೀಕ್ಷಿಸಲಾಗಿದೆಯೆಂದು ತಯಾರಕರನ್ನು ಪತ್ರಮುಖೇನ ಕೇಳಬಹುದು. ಆಯ್ಕೆಯಿರುವಲ್ಲಿ ಅಹಿಂಸೆಯ ಕಡೆಗೆ ವಾಲಬಹುದು. ಅಭ್ಯಾಸ ಮಾಡಿಸುವ ಫಿಜಿಯೋಥೆರಪಿಸ್ಟರ ವೇತನಕ್ಕೆ ನೆರವಾಗಬಹುದು. ತಿಳಿಯಬಹುದಾದುದನ್ನು ಕೇಳದೆ ಕೊಳ್ಳುವ ಮೌನವೂ ಅನುಮೋದನೆಯೇ ಆಗುತ್ತದೆ.