ಆಪ್ತನಾರು?

ನಾವು ಕಣ್ಣಾರೆ ಕಂಡು ಅರಿತುದೆಷ್ಟು, ಪರರ ಮಾತನ್ನು ನಂಬಿ ಅರಿತೆವೆಂದುಕೊಂಡಿರುವುದೆಷ್ಟು ಎಂದು ಎಣಿಸಲು ಕುಳಿತವನಿಗೆ, ತನ್ನದೆಂದು ಹೇಳಿಕೊಳ್ಳಬಹುದಾದ ಜ್ಞಾನ ಬಹು ಕಿರಿದೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಜನ್ಮದಿನವನ್ನು ಕೂಡ ನಾವು ಹೆತ್ತವರ ಮಾತಿನಿಂದಲೇ ತಿಳಿದವರು. ಈ ಪರೋಕ್ಷಜ್ಞಾನಕ್ಕೆ ಪ್ರಾಮಾಣ್ಯವೆಲ್ಲಿಂದ ಬಂದಿತು? ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ಬಹುಮಟ್ಟಿಗೆ ವೇದವನ್ನು ಮುಂದಿಟ್ಟುಕೊಂಡು ಕೇಳಿದರು. ನಾನು ಅದನ್ನು ಮೊದಲು ಎದುರಿಸಿದುದು ವೃತ್ತಪತ್ರಿಕೆಯನ್ನೂ ಛಾಯಾಚಿತ್ರವನ್ನೂ ಮುಂದಿಟ್ಟುಕೊಂಡು, ಮೈಸೂರಿನಲ್ಲಿ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಐಚ್ಛಿಕವಾಗಿ ಆರಿಸಿಕೊಂಡ ಮಾಧ್ಯಮ ಅಧ್ಯಯನದ ಗೋಷ್ಠಿಯಲ್ಲಿ.

ಅದನ್ನು ಪಾಠವೆಂದು ಕರೆಯುವುದು ಕಷ್ಟ. ಮೇಷ್ಟ್ರು ಟಿಪ್ಪಣಿ ಬರೆಸುತ್ತಿರಲಿಲ್ಲ. ಮೇಜುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಎದುರುಬದುರಾಗಿ ಕುಳಿತ ಮೇಲೆ, ಆ ವಾರ ಓದಿಬರಬೇಕಾಗಿದ್ದ ಲೇಖನವನ್ನು ಕುರಿತು ಒಂದೇ ಒಂದು ಪ್ರಶ್ನೆಯನ್ನು ಕೇಳಿ ಸುಮ್ಮನಾಗಿಬಿಡುವರು. ಮಾಧ್ಯಮವೇ ಸಂದೇಶವೆಂದು 1964ರಲ್ಲಿ ಸಾರಿದ ಮ್ಯಾಕ್‌ಲೂಹನ್ ನಮ್ಮನ್ನು ಬೆರಗುಗೊಳಿಸಿದನಾದರೂ ಬಹುಕಾಲ ಹಿಡಿದಿಡಲಿಲ್ಲ. ಹೇಳಿದವನು ತುಂಬಿದ ಅರ್ಥವನ್ನೇ ಕೇಳುವವನು ಸ್ವೀಕರಿಸಬೇಕೆಂಬ ನಿಯಮವೇನೂ ಇಲ್ಲವೆಂದು ತೋರಿಸಿದ ಸ್ಟುವರ್ಟ್ ಹಾಲ್ ಅವನಿಗಿಂತ ಹೆಚ್ಚು ದಿನ ಜೊತೆಗಿದ್ದನು. ಆದರೆ ಆ ವರ್ಷವೆಲ್ಲ ನಮ್ಮನ್ನು ಕಾಡಿದುದು ಯಾವ ಸಿದ್ಧಾಂತವೂ ಅಲ್ಲ, ಎರಡು ಹಳೆಯ ಚಿತ್ರಗಳು.

ರೋಜರ್ ಫೆಂಟನ್ ಎಂಬ ಆಂಗ್ಲ ಛಾಯಾಗ್ರಾಹಕನು 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಗೆ ಹೋಗಿ, ಬಂಡಿಯೊಂದನ್ನೇ ಕತ್ತಲೆಕೋಣೆಯಾಗಿ ಮಾಡಿಕೊಂಡು ತೆಗೆದ ಚಿತ್ರಗಳಲ್ಲಿ ಒಂದೇ ಸ್ಥಳದಿಂದ ತೆಗೆದ ಇವೆರಡೂ ಸೇರಿವೆ. ಎರಡರಲ್ಲಿಯೂ ಅದೇ ಬೋಳು ಕಣಿವೆ, ಅದೇ ದಾರಿ. ಒಂದರಲ್ಲಿ ಫಿರಂಗಿಯ ಗುಂಡುಗಳು ದಾರಿಯ ಪಕ್ಕದ ತಗ್ಗಿನಲ್ಲಿ ಬಿದ್ದಿವೆ. ಇನ್ನೊಂದರಲ್ಲಿ ದಾರಿಯ ಮೇಲೆಯೇ ಹರಡಿಕೊಂಡಿವೆ. ಲೋಕಪ್ರಸಿದ್ಧವಾದುದು ಎರಡನೆಯದು. ಅದನ್ನು ತೆಗೆಯುವ ಮುನ್ನ ಗುಂಡುಗಳನ್ನು ದಾರಿಯ ಮೇಲೆ ಹರಡಿಸಿದವನು ಫೆಂಟನ್ನನೇ ಎಂದು ಸೂಸನ್ ಸೊಂಟಾಗ್ 2003ರ ತಮ್ಮ ಗ್ರಂಥದಲ್ಲಿ ನಿಸ್ಸಂದೇಹವಾಗಿ ಬರೆದಿದ್ದರು. ಮೇಷ್ಟ್ರು ಚಿತ್ರಗಳ ಪ್ರತಿಗಳೆರಡನ್ನೂ ಆ ಪುಟವನ್ನೂ ನಮ್ಮ ನಡುವೆ ಇರಿಸಿ, ಈ ಮೂರರಲ್ಲಿ ಯಾವುದನ್ನು ನಂಬುವಿರಿ ಎಂದು ಕೇಳಿದರು.

ಅಂದು ಆರಂಭವಾದ ಮಾತು ವಾರಗಟ್ಟಲೆ ನಡೆಯಿತು. ಯಾವುದನ್ನೂ ನಂಬಬೇಕಿಲ್ಲ, ಕಂಡುದಷ್ಟೇ ನಿಜ ಎಂದವನೊಬ್ಬನಿಗೆ ಮೇಷ್ಟ್ರು, “ಹಾಗಾದರೆ ಕ್ರಿಮಿಯಾ ಅನ್ನೋ ಊರಿದೆ ಅಂತ ನಿನಗೆ ಯಾರಪ್ಪ ಹೇಳಿದ್ದು?” ಎಂದುದೇ ಸಾಕಾಯಿತು. ರಾತ್ರಿಪಾಳಿಯಲ್ಲಿ ದಿನಪತ್ರಿಕೆಯ ಡೆಸ್ಕಿನಲ್ಲಿ ದುಡಿದು ಕೆಂಗಣ್ಣಿನಲ್ಲಿ ತರಗತಿಗೆ ಬರುತ್ತಿದ್ದ ಗೆಳೆಯನು, ಬಂದ ಪ್ರತಿಯೊಂದು ವರದಿಯನ್ನೂ ಶಂಕಿಸುತ್ತ ಕುಳಿತರೆ ಪತ್ರಿಕೆ ಅಚ್ಚಿಗೇ ಹೋಗದು, ಎಲ್ಲಿ ಎಡವಟ್ಟು ಕಂಡಿತೋ ಅಲ್ಲಿ ಮಾತ್ರ ವಿಚಾರಿಸಬೇಕು ಎಂದನು. ಇನ್ನೊಬ್ಬಾಕೆ, ಮಾತಿಗೆ ಸ್ವಂತ ಬಲವೇ ಇಲ್ಲ, ಹೇಳಿದವನ ಯೋಗ್ಯತೆಯಿಂದ ನಾವು ಊಹಿಸಿಕೊಳ್ಳುತ್ತೇವಷ್ಟೆ ಎಂದು ವಾದಿಸಿದಳು. ಸಂಸ್ಕೃತ ಪಾಠಶಾಲೆಯಲ್ಲಿ ಕೆಲಕಾಲ ನ್ಯಾಯಶಾಸ್ತ್ರವನ್ನೋದಿ ಬಂದಿದ್ದ ಸಹಪಾಠಿಯೊಬ್ಬನು ಆಗ ನಕ್ಕು, ಮೊದಲನೆಯವನು ಚಾರ್ವಾಕ, ಡೆಸ್ಕಿನವನು ಕುಮಾರಿಲಭಟ್ಟನ ಶಿಷ್ಯ, ಈಕೆ ದಿಙ್ನಾಗನ ಕಡೆಯವಳು ಎಂದು ಹೆಸರಿಟ್ಟನು. ಜ್ಞಾನವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುವುದು, ಬಾಧಕವೋ ಕಾರಣದೋಷವೋ ಕಂಡುಬಂದಲ್ಲದೆ ಅದನ್ನು ತಳ್ಳಲಾಗದು ಎಂಬ ಮೀಮಾಂಸಕರ ಸ್ವತಃಪ್ರಾಮಾಣ್ಯವು ಸುದ್ದಿಮನೆಯ ದಿನಚರಿಯಲ್ಲಿ ಹೀಗೆ ಜೀವಂತವಾಗಿರುವುದೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ಅವನೇ ನಮಗೆ ವಾತ್ಸ್ಯಾಯನನನ್ನೂ ಪರಿಚಯಿಸಿದನು. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ನ್ಯಾಯಸೂತ್ರವು ಹೇಳಿದರೆ, ಅದರ ಭಾಷ್ಯಕಾರನಾದ ವಾತ್ಸ್ಯಾಯನನು ವಸ್ತುವನ್ನು ಸಾಕ್ಷಾತ್ತಾಗಿ ಅರಿತವನೂ, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾದವನೂ ಆಪ್ತನೆಂದು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಕುಲವನ್ನಾಗಲಿ ಪೀಠವನ್ನಾಗಲಿ ಕೇಳದ ಈ ಉದಾರತೆಯಲ್ಲಿ ಒಂದು ಕಾಠಿಣ್ಯವೂ ಅಡಗಿದೆ. ಕೀರ್ತಿವಂತನಾದ ಮಾತ್ರಕ್ಕೆ ಯಾವನೂ ಆಪ್ತನಾಗನು. ಈ ವಿಷಯದಲ್ಲಿ ಆಪ್ತನಾದವನು ಆ ವಿಷಯದಲ್ಲಿಯೂ ಆಪ್ತನೆಂದು ಹೇಳುವಂತಿಲ್ಲ. ಸೊಂಟಾಗ್ ಮಹಾವಿದುಷಿಯೆಂಬುದು ದಿಟ. ಆದರೆ ಆ ಕಣಿವೆಯಲ್ಲಿ ಅಂದು ಅವರಿರಲಿಲ್ಲ.

ಮಾತನ್ನು ಇಷ್ಟು ಶೋಧಿಸುವ ನಾವು ಚಿತ್ರದ ಮುಂದೆ ಮಾತ್ರ ಏಕೆ ಸೋಲುತ್ತೇವೆ? ವೇದಕ್ಕೆ ಕರ್ತೃವಿಲ್ಲ, ಆದುದರಿಂದ ಕರ್ತೃದೋಷವೂ ಇಲ್ಲ ಎಂಬುದು ಮೀಮಾಂಸಕರ ಅಪೌರುಷೇಯವಾದ. ಮನುಷ್ಯನ ಸೃಷ್ಟಿಶೀಲ ಕೈವಾಡವಿಲ್ಲದೆ ಯಂತ್ರವೇ ರೂಪಿಸಿದ ಬಿಂಬವೆಂಬುದರಲ್ಲಿ ಛಾಯಾಚಿತ್ರದ ಬಲವಿದೆಯೆಂದು 1945ರಲ್ಲಿ ಆಂದ್ರೆ ಬಾಜ಼ಾನ್ ಬರೆದಾಗ, ಆ ಫ್ರೆಂಚ್ ವಿಮರ್ಶಕನು ತಿಳಿಯದೆಯೇ ಕ್ಯಾಮೆರಾಕ್ಕೆ ಅದೇ ಪದವಿಯನ್ನು ಕೊಟ್ಟಂತಾಯಿತು. ಎಲ್ಲಿ ನಿಲ್ಲಬೇಕು, ಯಾವುದನ್ನು ಚೌಕಟ್ಟಿನಿಂದಾಚೆಗೆ ಬಿಡಬೇಕು, ಎರಡರಲ್ಲಿ ಯಾವುದನ್ನು ಪ್ರಕಟಿಸಬೇಕು ಎಂದು ನಿರ್ಣಯಿಸಿದ ಪುರುಷನೊಬ್ಬನು ಅಲ್ಲಿದ್ದೇ ಇದ್ದಾನೆ; ಯಂತ್ರದ ಮರೆಯಲ್ಲಿ ನಿಂತುದರಿಂದ ಅವನ ದೋಷಗಳೂ ನಮಗೆ ಮರೆಯಾಗುತ್ತವೆ. ಆ ಗೋಷ್ಠಿಯಲ್ಲಿ ನಾನು ಕಲಿತುದರಲ್ಲೆಲ್ಲ ಇದೇ ಹಿರಿದೆಂದು ಇಂದಿಗೂ ಭಾವಿಸುತ್ತೇನೆ. ಅದನ್ನು ಯಾರೊಬ್ಬರೂ ಕಲಿಸಲಿಲ್ಲ. ಪಾಠಶಾಲೆಯವನ ಒಂದು ಮಾತು, ಡೆಸ್ಕಿನವನ ಒಂದು ಆಕ್ಷೇಪ, ಮೇಷ್ಟ್ರ ಒಂದು ಮೌನ ಕೂಡಿದಲ್ಲಿ ಅದು ತಾನಾಗಿ ಮೂಡಿತು.

ತತ್ತ್ವವನ್ನರಿಯಲು ಹೊರಟವನು ಶಿಷ್ಯನೊಡನೆ, ಗುರುವಿನೊಡನೆ, ಸಹಾಧ್ಯಾಯಿಯೊಡನೆ, ಅಸೂಯೆಯಿಲ್ಲದ ಶ್ರೇಯೋರ್ಥಿಗಳೊಡನೆ ವಾದ ಮಾಡಬೇಕೆಂದು ನ್ಯಾಯಸೂತ್ರವೇ ವಿಧಿಸಿದೆ. ಗೆಲ್ಲುವುದಕ್ಕಾಗಿ ಆಡುವ ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡಹುವ ವಿತಂಡ, ಇವು ವಾದದಿಂದ ಬೇರೆ. ಇವೆರಡನ್ನೂ ಸೂತ್ರಕಾರನು ಸಂಪೂರ್ಣವಾಗಿ ತ್ಯಜಿಸುವುದಿಲ್ಲ, ಮೊಳಕೆಯನ್ನು ಕಾಯಲು ಹಾಕಿದ ಮುಳ್ಳುಬೇಲಿಯಂತೆ ಅವೂ ಇರಲಿ ಎನ್ನುತ್ತಾನೆ. ಇಂದಿನ ದೂರದರ್ಶನ ವಾಹಿನಿಗಳ ರಾತ್ರಿಯ ಚರ್ಚೆಗಳಲ್ಲಿ ಬೇಲಿಯೇನೋ ಬಲು ದಟ್ಟವಾಗಿದೆ. ಮೊಳಕೆಯನ್ನು ಯಾರೂ ನೆಟ್ಟಂತಿಲ್ಲ.

ನಮ್ಮ ಗೋಷ್ಠಿ ಚಿತ್ರಗಳ ವಿಷಯದಲ್ಲಿ ಯಾವ ನಿರ್ಣಯಕ್ಕೂ ಬರದೆ ಮುಗಿಯಿತು. 2007ರಲ್ಲಿ ಎರಲ್ ಮಾರಿಸ್ ಎಂಬ ಅಮೆರಿಕದ ಚಿತ್ರನಿರ್ದೇಶಕನು, ಸೊಂಟಾಗ್ ಅವರಿಗೆ ಅದು ಹೇಗೆ ತಿಳಿಯಿತೆಂಬ ಪ್ರಶ್ನೆಯ ಬೆನ್ನುಹತ್ತಿ ಕ್ರಿಮಿಯಾದವರೆಗೂ ಹೋದನು. ಕೊನೆಗೆ ಸಮಾಧಾನ ದೊರೆತುದು ಗುಂಡುಗಳಿಂದಲ್ಲ, ಯಾರೂ ಲಕ್ಷಿಸದ ಸಣ್ಣ ಕಲ್ಲುಗಳಿಂದ. ಗುಂಡುಗಳು ದಾರಿಯ ಮೇಲಿರುವ ಚಿತ್ರದಲ್ಲಿ ಇಳಿಜಾರಿನ ಕೆಲವು ಕಲ್ಲುಗಳು ಕೆಳಕ್ಕೆ ಜಾರಿವೆ. ಕಾಲು ತಾಗಿದ ಕಲ್ಲು ಕೆಳಕ್ಕುರುಳುವುದಲ್ಲದೆ ಮೇಲಕ್ಕೇರದು. ಆದುದರಿಂದ ದಾರಿ ಬರಿದಾಗಿರುವ ಚಿತ್ರವೇ ಮೊದಲಿನದು. ಸೊಂಟಾಗ್ ಹೇಳಿದ ಕ್ರಮ ಹೀಗೆ ಅನುಮಾನಪ್ರಮಾಣದಿಂದ ಸ್ಥಿರಪಟ್ಟಿತು. ಗುಂಡುಗಳನ್ನು ಸರಿಸಿದವರಾರು, ಯಾವ ಉದ್ದೇಶದಿಂದ ಎಂಬುದನ್ನು ಮಾತ್ರ ಆ ಕಲ್ಲುಗಳು ಹೇಳಲಾರವು.

ಇದೇ ವಿಷಯವನ್ನು ಈಗ ಅನೇಕ ಕಡೆ ಟಿಪ್ಪಣಿ ಬರೆಸಿ ಮುಗಿಸುವುದನ್ನು ಕಾಣುತ್ತೇನೆ. ಪಠ್ಯದ ಭಾರ, ತರಗತಿಯಲ್ಲಿನ ಜನಸಂದಣಿ, ಪರೀಕ್ಷೆಯ ಆತುರ ಎಂದು ಅಧ್ಯಾಪಕರು ಹೇಳುವ ಕಾರಣಗಳು ಸುಳ್ಳಲ್ಲ. ಆದರೂ ಯಾರ ಮಾತನ್ನೂ ಪರೀಕ್ಷಿಸದೆ ನಂಬಬಾರದೆಂಬುದನ್ನು ವಿದ್ಯಾರ್ಥಿಯು ಪರೀಕ್ಷಿಸದೆಯೇ ಬರೆದುಕೊಳ್ಳುವಂತೆ ಮಾಡುವುದು ಆ ವಿಷಯಕ್ಕೆ ಬಗೆದ ದ್ರೋಹವೆಂದೇ ನನ್ನ ಅಭಿಪ್ರಾಯ. ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ವಾರಕ್ಕೊಂದು ಗಂಟೆಯಾದರೂ ಮೇಜುಗಳನ್ನು ಗೋಡೆಗೆ ಸರಿಸಿರಿ, ಮತ್ತು ವಿದ್ಯಾರ್ಥಿಗಳು ಪರೀಕ್ಷಿಸಬೇಕಾದ ಮಾತುಗಳಲ್ಲಿ ನಿಮ್ಮದನ್ನೂ ಒಂದಾಗಿ ಅವರ ಮುಂದಿಡಿರಿ.