ಕೇಳದವರ ಸಾಲ

ಸಾಲವೆಂಬ ಮಾತೂ ಋಣವೆಂಬ ಮಾತೂ ನಮ್ಮ ನುಡಿಯಲ್ಲಿ ಅಕ್ಕಪಕ್ಕದಲ್ಲಿಯೇ ಇದ್ದರೂ ಎರಡರ ಅರ್ಥವೂ ಒಂದೇ ಅಲ್ಲ. ಸಾಲಕ್ಕೆ ಪತ್ರವುಂಟು, ಬಡ್ಡಿಯುಂಟು, ವಾಯಿದೆಯುಂಟು. ಕೊನೆಯ ಕಂತು ಸಂದ ದಿನ ಅದು ತೀರಿತು. ಋಣಕ್ಕೆ ಇವಾವುವೂ ಇಲ್ಲ. ತಾಯಿಯ ಋಣ, ಅನ್ನದ ಋಣ, ಹುಟ್ಟಿದ ಊರಿನ ಋಣ ಎನ್ನುವಾಗ ಅದು ತೀರತಕ್ಕದ್ದಲ್ಲವೆಂಬುದನ್ನು ನಾವು ಮೊದಲೇ ಒಪ್ಪಿಕೊಂಡಿರುತ್ತೇವೆ. ಈ ಎರಡರ ನಡುವೆ ಮೂರನೆಯದೊಂದುಂಟು. ಹಣದ ರೂಪದಲ್ಲಿ ಬಂದದ್ದರಿಂದ ಅದು ಸಾಲ; ಪ್ರೀತಿಯಿಂದ ಬಂದದ್ದರಿಂದ ಅದು ಋಣ. ಅಕ್ಕ ತಮ್ಮನಿಗೆ, ಮಾವ ಅಳಿಯನಿಗೆ, ಗೆಳೆಯ ಗೆಳೆಯನಿಗೆ ಪತ್ರವಿಲ್ಲದೆ ಕೊಟ್ಟು, ಮತ್ತೆ ಬಾಯಿಬಿಟ್ಟು ಕೇಳದೆ ಇರುವ ಹಣ ಈ ಬಗೆಯದು. ಸಾಲಗಳು ಹಲವಾಗಿ, ಕೈಯಲ್ಲಿರುವ ಹಣ ಕೊಂಚವಾದಾಗ ಮೊದಲು ಯಾರನ್ನು ನೆನೆಯಬೇಕು, ಕೇಳುವವರನ್ನೋ ಕೇಳದವರನ್ನೋ? ಈ ಪ್ರಶ್ನೆ ಸಣ್ಣದಾಗಿ ಕಂಡರೂ ಸಂಸಾರ ಹೂಡುವವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವುದರಿಂದ ಇಲ್ಲಿ ಅದನ್ನು ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ನನಗೆ ಪರಿಚಿತನಾದ ಒಬ್ಬ ಯುವಕನುಂಟು. ಟಿ. ನರಸೀಪುರದ ಕಡೆಯ ಹಳ್ಳಿಯವನು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗುವವರೆಗೆ ಗೆಳೆಯರೊಡನೆ ಒಂದೇ ಕೋಣೆಯಲ್ಲಿದ್ದವನು, ಮದುವೆಯಾದ ಮೇಲೆ ಊರಿನಲ್ಲಿ ಮಹಡಿಯ ಮೇಲಿನ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದನು. ಮನೆಯವರಿಗೆ ಅಡ್ವಾನ್ಸು 60,000 ರೂಪಾಯಿ. ಮಂಚ, ಒಲೆ, ಪಾತ್ರೆ, ಸಾಮಾನು ಸಾಗಿಸಿದ ಗಾಡಿಯ ಬಾಡಿಗೆ ಎಲ್ಲ ಸೇರಿ ಇನ್ನು 20,000. ಅವನ ಕೈಯಲ್ಲಿ ಹಣವಿರಲಿಲ್ಲ. ನರಸೀಪುರದಲ್ಲಿರುವ ಅವನ ಅಕ್ಕ ತನ್ನ ಮೂರು ಸವರನ್ನಿನ ಸರವನ್ನು ಕೊರಳಿನಿಂದ ತೆಗೆದುಕೊಟ್ಟಳು. ಅದನ್ನು ಅಡವಿಟ್ಟು ತಂದ 80,000 ರೂಪಾಯಿಯಲ್ಲಿ ಹೊಸ ಮನೆಯ ಹಾಲು ಉಕ್ಕಿತು.

ಆರು ತಿಂಗಳಾದ ಮೇಲೆ ಅವನು ಒಂದು ಹಾಳೆಯನ್ನು ಹಿಡಿದು ನನ್ನಲ್ಲಿಗೆ ಬಂದನು. ನಾನು ಬಹುಕಾಲ ಪಾಠಶಾಲೆಯಲ್ಲಿ ಲೆಕ್ಕ ಹೇಳಿದವನಾದ್ದರಿಂದ ಇಂಥ ಹಾಳೆಗಳು ನನ್ನ ಬಳಿಗೆ ಬರುವುದು ಹೊಸದೇನಲ್ಲ. ಸಂಬಳ 27,000. ಬಾಡಿಗೆ 7,000, ದಿನಸಿ, ಹಾಲು, ಗ್ಯಾಸುಗಳಿಗೆ 8,000, ಕರೆಂಟು, ನೀರು, ಫೋನು 1,500, ಓಡಾಟಕ್ಕೆ 2,000, ಕಂತಿನ ಮೇಲೆ ತಂದ ಫ್ರಿಜ್ಜಿಗೂ ಬಟ್ಟೆಯೊಗೆಯುವ ಯಂತ್ರಕ್ಕೂ 2,500. ಉಳಿಯುವುದು 6,000. ಕ್ರೆಡಿಟ್ ಕಾರ್ಡಿನ ಬಾಕಿ 40,000 ರೂಪಾಯಿ; ಅದಕ್ಕೆ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಅಕ್ಕನ ಸರದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು.

“ಯಾವುದನ್ನು ಮೊದಲು ತೀರಿಸಲಿ, ಮೇಷ್ಟ್ರೇ?” ಎಂದನು.

ನಾನು ಹಿಂದುಮುಂದು ನೋಡಲಿಲ್ಲ. “ಬೆಂಕಿ ಹೆಚ್ಚು ಉರಿಯುವ ಕಡೆಗೆ ಮೊದಲು ನೀರು ಹಾಕಬೇಕಪ್ಪಾ. ಆರು ಸಾವಿರವನ್ನೂ ಕಾರ್ಡಿಗೆ ಕಟ್ಟು, ಅದರ ಮೇಲೆ ಹೊಸದಾಗಿ ಏನನ್ನೂ ಕೊಳ್ಳಬೇಡ. ಎಂಟು ತಿಂಗಳಿಗೆ ತೀರುತ್ತದೆ. ಸರದ ಮಾತು ಆಮೇಲೆ. ಅಕ್ಕನೇನೂ ಕೇಳುತ್ತಿಲ್ಲವಲ್ಲ” ಎಂದೆನು. ಹಾಳೆಯ ಕೊನೆಯಲ್ಲಿ ಸರದ ಬಾಬನ್ನು ಬರೆದು ಅದರ ಮುಂದೆ ಒಂದು ಅಡ್ಡಗೆರೆಯನ್ನೂ ಎಳೆದೆನು. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ಕಳೆದುಕೊಳ್ಳುವುದೇ ವಿವೇಕವೆಂದು ಈಗಲೂ ನಂಬಿದ್ದೇನೆ.

ಇದಾದ ಕೆಲವು ವಾರಗಳಿಗೆ ನರಸೀಪುರದಲ್ಲಿ ಒಂದು ಮದುವೆ. ಆ ಹೆಣ್ಣುಮಗಳೂ ಬಂದಿದ್ದಳು. ಕೊರಳಿನಲ್ಲಿ ಅರಿಸಿನದ ದಾರದ ತಾಳಿ ಮಾತ್ರ ಇದ್ದಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯಾಕೆಯೊಬ್ಬರು ಸರವೆಲ್ಲಿ ಎಂದು ಕೇಳಿದರು. “ಕೊಂಡಿ ಕಿತ್ತುಹೋಗಿದೆ ಅಮ್ಮಾ, ಆಚಾರ್ರಿಗೆ ಕೊಟ್ಟಿದ್ದೀನಿ” ಎಂದು ಆಕೆ ನಕ್ಕಳು. ನಾನು ಅಲ್ಲಿಯೇ ಇದ್ದುದನ್ನು ಆಮೇಲೆ ಕಂಡು ತಲೆ ತಗ್ಗಿಸಿದಳು. ಊಟವಾದ ಮೇಲೆ, ತಮ್ಮನ ಹೊಸ ಮನೆಯನ್ನು ನೋಡಿ ಬಂದೆಯಾ ತಾಯಿ ಎಂದು ವಿಚಾರಿಸಿದೆನು. “ಇಲ್ಲ ಮೇಷ್ಟ್ರೇ. ಹಾಲು ಉಕ್ಕಿಸಿದ ದಿನ ಹೋಗಿದ್ದೇ. ಈಗ ಹೋದರೆ ಸರ ಕೇಳೋದಕ್ಕೆ ಬಂದಳು ಅಂದುಕೊಂಡಾರು. ಹೊಸ ಹುಡುಗಿ, ಅವಳ ಮನಸ್ಸಿಗೆ ಯಾಕೆ ಬೇಜಾರು” ಎಂದಳು.

ನರಸೀಪುರಕ್ಕೂ ನಂಜನಗೂಡಿಗೂ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ದಾರಿಯನ್ನು ಮುಚ್ಚಿದ್ದು ಆ ಸರ. ಕೊಟ್ಟವಳು ತಮ್ಮನ ಮನೆಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಂಡಳು. ತಮ್ಮನ ಮಾನವನ್ನು ಕಾಯುವುದಕ್ಕಾಗಿ ಹತ್ತು ಜನರೆದುರಿಗೆ ಸುಳ್ಳನ್ನಾಡಿದಳು. ನಾನು ಹಾಕಿಕೊಟ್ಟ ಲೆಕ್ಕದಲ್ಲಿ ಈ ಎರಡು ಬಾಬುಗಳೂ ಇರಲಿಲ್ಲ. ಅವಳ ಸಾಲಕ್ಕೆ ಬಡ್ಡಿ ಕಡಿಮೆಯೆಂದು ನಾನು ಬರೆದಿದ್ದೆನು. ಬಡ್ಡಿ ಕಡಿಮೆಯಾಗಿರಲಿಲ್ಲ, ಅದನ್ನು ಕಟ್ಟುತ್ತಿದ್ದವಳು ಅವಳಾಗಿದ್ದುದರಿಂದ ನಮ್ಮ ಹಾಳೆಯಲ್ಲಿ ಅದು ಕಾಣಲಿಲ್ಲ.

ಗ್ರೀಸಿನ ತತ್ತ್ವಜ್ಞಾನಿಯಾದ ಪ್ಲೇಟೋ ಧರ್ಮವೆಂದರೇನೆಂಬ ವಿಚಾರವನ್ನು ತನ್ನ ದೊಡ್ಡ ಗ್ರಂಥದಲ್ಲಿ ಆರಂಭಿಸುವುದು ಸಾಲದ ಮಾತಿನಿಂದಲೇ. ಕೆಫಲಸನೆಂಬ ವೃದ್ಧ ಶ್ರೀಮಂತನ ನಡೆನುಡಿಯಿಂದ, ನಿಜವನ್ನಾಡುವುದು, ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಇವೆರಡೇ ಧರ್ಮವೆಂಬ ಲಕ್ಷಣ ಹೊರಡುತ್ತದೆ. ಸಾಕ್ರೆಟೀಸನು ಅದನ್ನು ಬೇಗನೆ ಮುರಿಯುತ್ತಾನೆ: ಗೆಳೆಯನಿಂದ ಆಯುಧವನ್ನು ಪಡೆದಿದ್ದು, ಅವನು ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಬಂದು ಕೇಳಿದರೆ ಕೊಡುವುದು ಸರಿಯೇ? ಕೇಳಿದವನಿಗೆ ಕೊಟ್ಟುಬಿಡುವುದೇ ಧರ್ಮವಲ್ಲವೆಂದು ಇದರಿಂದ ತಿಳಿಯುತ್ತದೆ. ಇದರ ಇನ್ನೊಂದು ಮುಖವನ್ನು ಅದೇ ಸಾಕ್ರೆಟೀಸನ ಮರಣದ ಕಥೆಯಲ್ಲಿ ನೋಡಬಹುದು. ವಿಷ ಮೈಗೆ ಏರುತ್ತಿರುವಾಗ ಅವನು ಗೆಳೆಯ ಕ್ರಿಟೋನನ್ನು ಕರೆದು, ಅಸ್ಕ್ಲೇಪಿಯಸ್ ದೇವರಿಗೆ ಒಂದು ಹುಂಜ ಸಲ್ಲಬೇಕಾಗಿದೆ, ಮರೆಯದೆ ಸಲ್ಲಿಸು ಎನ್ನುತ್ತಾನೆ. ಆ ಮಾತಿನ ಗೂಢಾರ್ಥವನ್ನು ಪಂಡಿತರು ಬಗೆಬಗೆಯಾಗಿ ಹೇಳುತ್ತಾರೆ. ಅದು ಹಾಗಿರಲಿ. ಹುಂಜಕ್ಕಾಗಿ ಯಾರೂ ಬಾಗಿಲಿಗೆ ಬಂದು ನಿಂತಿರಲಿಲ್ಲವೆಂಬುದಷ್ಟೇ ನಮಗೆ ಮುಖ್ಯ. ಕೇಳುವವರಿಲ್ಲದ ಬಾಕಿಯನ್ನು ಆ ಮಹನೀಯನು ಕೊನೆಯ ಗಳಿಗೆಯಲ್ಲಿ ನೆನೆದನು.

ನಮ್ಮ ಶಾಸ್ತ್ರಕಾರರೂ ಈ ಪ್ರಶ್ನೆಯನ್ನು ಕಂಡಿದ್ದಾರೆ. ಸಾಲ ಕೊಟ್ಟವರು ಹಲವರಿದ್ದಾಗ ಸಾಲಗಾರನು ತೆಗೆದುಕೊಂಡ ಕ್ರಮದಲ್ಲಿಯೇ ಹಿಂದಕ್ಕೆ ಸಲ್ಲಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಆ ವಿಧಿಯೊಡನೆಯೇ ಬರುವ ವರ್ಣದ ಏರಿಳಿತಗಳು ಇಂದು ನಮಗೆ ಗ್ರಾಹ್ಯವಲ್ಲ. ಆದರೆ ಮೂಲದಲ್ಲಿರುವ ಯೋಚನೆ ಗಮನಾರ್ಹವಾದದ್ದು. ಯಾರು ಗಟ್ಟಿಯಾಗಿ ಕೂಗುತ್ತಾರೆ, ಯಾರ ಬಡ್ಡಿ ಹೆಚ್ಚು ಎಂಬುದು ಅಲ್ಲಿ ಕ್ರಮವನ್ನು ನಿರ್ಣಯಿಸುವುದಿಲ್ಲ. ಯಾರು ಮೊದಲು ನಂಬಿ ಕೊಟ್ಟರು ಎಂಬುದು ನಿರ್ಣಯಿಸುತ್ತದೆ.

ಈಗಿನ ರಾಜ್ಯಶಾಸನವಾದರೋ ಮುಖ್ಯವಾಗಿ ಕೇಳುವವರ ಕಡೆಗೆ ಕಣ್ಣಿಟ್ಟಿದೆ. ಇದು ಅಗತ್ಯವೇ ಸರಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1976ರ ಸಾಲಪರಿಹಾರದ ಕಾಯಿದೆ ಬಡವರ ಎಷ್ಟೋ ಸಾಲಗಳನ್ನು ಬಿಡಿಸಿತು. 2025ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿಯೇ, ಕಿರುಸಾಲದ ಕಂತಿನ ವಸೂಲಿಗೆ ಹೆದರಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವೆಂದು ಪತ್ರಿಕೆಗಳು ವರದಿಮಾಡಿದವು. ಮರುತಿಂಗಳು ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆಯನ್ನೂ ಐದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಕೇಳುವವನ ಕ್ರೌರ್ಯವನ್ನು ಕಾಯಿದೆ ತಡೆಯಬಹುದು. ಕೇಳದವಳ ಮೌನವನ್ನು ಸಾಲಗಾರನ ಕಿವಿಗೆ ಮುಟ್ಟಿಸುವ ಕಾಯಿದೆ ಎಲ್ಲಿಯೂ ಇಲ್ಲ. ಆ ಕೆಲಸ ಅವನ ಮನಸ್ಸಿಗೆ ಬಿಟ್ಟದ್ದು. ಬಾಗಿಲು ತಟ್ಟುವವನಿಗೆ ಮೊದಲು, ತಟ್ಟದವನಿಗೆ ಕೊನೆಗೆ ಎಂಬ ಕ್ರಮದಲ್ಲಿಯೇ ನಾವು ಹಣವನ್ನು ಹಂಚುವುದಾದರೆ, ನಮ್ಮ ಪ್ರಾಮಾಣಿಕತೆಯೆಂಬುದು ಭಯದ ಇನ್ನೊಂದು ಹೆಸರಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಒಡಹುಟ್ಟಿದವರೊಳಗೆ ಲೆಕ್ಕವೇತಕ್ಕೆ? ಅಕ್ಕನ ಉಪಕಾರವನ್ನು ರೂಪಾಯಿಗಳಲ್ಲಿ ಎಣಿಸಿದರೆ ಅದನ್ನು ಅಗ್ಗಮಾಡಿದಂತಾಗಲಿಲ್ಲವೇ? ಈ ಮಾತು ಕೇಳಲು ಉದಾರವಾಗಿದೆ. ಆದರೆ ಇದನ್ನು ಆಡುವವರು ಯಾರೆಂಬುದನ್ನು ನೋಡಬೇಕು. ಅಕ್ಕ ಆಡಿದರೆ ಅದು ಔದಾರ್ಯ. ತಮ್ಮ ಆಡಿದರೆ ಅದು ಅನುಕೂಲ. ಲೆಕ್ಕವನ್ನು ಮರೆಯುವ ಅಧಿಕಾರ ಕೊಟ್ಟವರದು, ತೆಗೆದುಕೊಂಡವರದಲ್ಲ. ತೆಗೆದುಕೊಂಡವನು ನಯಾಪೈಸೆಯವರೆಗೆ ನೆನಪಿಟ್ಟಿದ್ದರೆ ಮಾತ್ರ ಕೊಟ್ಟವಳ ಮರೆವಿಗೆ ಬೆಲೆ. ಇಬ್ಬರೂ ಮರೆತರೆ ಅಲ್ಲಿ ಉಳಿಯುವುದು ಪ್ರೀತಿಯಲ್ಲ, ಒಬ್ಬರ ನಷ್ಟ.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧವಾದದ್ದು. ಹಾಗಿದ್ದರೆ ಮತ್ತೊಂದು ಕಡೆ ಸಾಲಮಾಡಿಯಾದರೂ ಸರವನ್ನು ನಾಳೆಯೇ ಬಿಡಿಸಿಕೊಡಬಾರದೇಕೆ? ಮಾನವಂತರಿಗೆ ಇಂಥ ಆವೇಶ ಸಹಜ. ಆದರೆ ಕಡಿಮೆ ಬಡ್ಡಿಯದನ್ನು ತೀರಿಸಲು ಹೆಚ್ಚು ಬಡ್ಡಿಯದನ್ನು ತಂದು, ಆ ಕಂತು ತಪ್ಪಿದಾಗ ಪುನಃ ಅಕ್ಕನ ಬಾಗಿಲಿಗೇ ಹೋಗುವುದು ಋಣಮೋಚನೆಯಲ್ಲ. ಲೆಕ್ಕವನ್ನು ಕಡೆಗಣಿಸಿ ಧರ್ಮವನ್ನು ನಡೆಸಲಾಗದು. ಹಾಸಿಗೆಯ ಅಳತೆಯನ್ನು ನೋಡಿಯೇ ಕಾಲು ಚಾಚಬೇಕು.

ಮದುವೆಯಿಂದ ಹಿಂದಿರುಗಿದ ಮೇಲೆ ಆ ಯುವಕನನ್ನು ಕರೆಸಿ ಹೊಸ ಹಾಳೆಯನ್ನು ಹಾಕಿದೆವು. ಈ ಸಲ ಅವನ ಹೆಂಡತಿಯೂ ಬಂದು ಕುಳಿತಳು. ಸರದ ವಿಷಯ ಆಕೆಗೆ ಅಲ್ಲಿಯವರೆಗೆ ಪೂರ್ತಿ ತಿಳಿದಿರಲಿಲ್ಲ. ಅಕ್ಕನ ಬಾಬನ್ನು ಬಾಡಿಗೆಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿ ಬರೆದೆವು. ಆರು ಸಾವಿರದಲ್ಲಿ ಐದು ಸಾವಿರ ಕಾರ್ಡಿಗೆ, ಒಂದು ಸಾವಿರ ಸರದ ಅಸಲಿಗೆ. ಕಾರ್ಡು ತೀರಲು ಎಂಟು ತಿಂಗಳಿಗೆ ಬದಲಾಗಿ ಹತ್ತು ತಿಂಗಳು ಹಿಡಿಯುತ್ತದೆ. ಎರಡು ಬಡ್ಡಿಗಳನ್ನೂ ಕೂಡಿಸಿ ಕಳೆದು ನೋಡಿದರೆ ಹೀಗೆ ಮಾಡುವುದರಿಂದ ಆಗುವ ನಷ್ಟ ಸುಮಾರು ಒಂದು ಸಾವಿರ ರೂಪಾಯಿ. ಕಾರ್ಡು ತೀರಿದ ಮೇಲೆ ಆರು ಸಾವಿರವೂ ಸರಕ್ಕೆ. ಇದಿಷ್ಟೂ ಹಣದ ಮಾತಾಯಿತು. ಹಣದ್ದಲ್ಲದ ಕಟ್ಟಳೆಯೊಂದನ್ನು ಆ ಹುಡುಗಿಯೇ ಸೇರಿಸಿದಳು: ತಿಂಗಳಿಗೊಂದು ಭಾನುವಾರ ಇಬ್ಬರೂ ನರಸೀಪುರಕ್ಕೆ ಹೋಗಿ ಆ ಸಾವಿರದ ರಸೀತಿಯನ್ನು ಅಕ್ಕನ ಕೈಯಲ್ಲಿ ಕೊಟ್ಟು ಬರುವುದು.

ಲೆಕ್ಕದವನಾದ ನಾನು ಆ ಒಂದು ಸಾವಿರ ರೂಪಾಯಿಯ ನಷ್ಟವನ್ನು ಹೇಗೆ ಒಪ್ಪಿದೆನೆಂದು ಕೆಲವರು ಕೇಳಬಹುದು. ತಿರುಮಕೂಡಲಿನ ಸಂಗಮಕ್ಕೆ ಹೋದವರು ಅಲ್ಲಿಯ ಗುಂಜಾನರಸಿಂಹಸ್ವಾಮಿಯ ದರ್ಶನವನ್ನು ಮಾಡಿಯೇ ಇರುತ್ತಾರೆ. ಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿಯುಂಟೆಂದೂ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚೆಂದೂ ಅಲ್ಲಿಯ ಐತಿಹ್ಯ. ಗುಲಗಂಜಿ ಅಕ್ಕಸಾಲಿಗರ ಹಳೆಯ ತೂಕ. ಚಿನ್ನದ ತಕ್ಕಡಿಯಲ್ಲಿ ಅದಕ್ಕಿಂತ ಸಣ್ಣದಾದದ್ದು ಬಹಳ ಇಲ್ಲ. ದೊಡ್ಡದರ ಎದುರಿಗೆ ಮನೆಯ ಹತ್ತಿರದ ಸಣ್ಣದು ಗೆಲ್ಲುವುದಕ್ಕೆ ಅಷ್ಟು ತೂಕ ಸಾಕು ಎಂದು ನಮ್ಮ ಹಿರಿಯರು ತಿಳಿದಿದ್ದರು. ಆ ಸಾವಿರ ರೂಪಾಯಿಯನ್ನು ನಾನು ಅಂಥ ಗುಲಗಂಜಿಯೆಂದು ಎಣಿಸಿದೆನು.

ಇಷ್ಟನ್ನೆಲ್ಲ ಬರೆಯುವ ಅಧಿಕಾರ ನನಗಿದೆಯೇ ಎಂಬುದನ್ನೂ ಹೇಳಿಬಿಡಬೇಕು. ನನ್ನ ಓದಿಗೆ ಹಣ ಕೊಟ್ಟವರು ನನ್ನ ಸೋದರಮಾವ. ಕೆಲಸ ಸಿಕ್ಕಿದ ಮೇಲೆ ಹಿಂದಿರುಗಿಸುವೆನೆಂದಿದ್ದೆ. ಕೆಲಸ ಸಿಕ್ಕಿತು, ಮನೆ, ಮಕ್ಕಳು, ಸೊಸೈಟಿಯ ಕಂತು ಎಂದು ವರ್ಷಗಳು ಕಳೆದವು. ಅವರು ಕೇಳಲಿಲ್ಲ. ಪೇಟೆಯಲ್ಲಿ ನಾನು ಎದುರಾದರೆ, ನನಗೆ ಸಂಕೋಚವಾಗದಿರಲೆಂದು ಅವರೇ ಮುಖ ತಿರುಗಿಸಿ ಅಂಗಡಿಯೊಂದನ್ನು ಹೊಕ್ಕುಬಿಡುತ್ತಿದ್ದರು. ಒಂದು ದಿನ ಅವರು ತೀರಿಕೊಂಡರು, ಸಾಲ ತೀರಲಿಲ್ಲ. ಈಗ ಅವರ ಮೊಮ್ಮಕ್ಕಳಿಗೆ ಪುಸ್ತಕಗಳನ್ನು ಕೊಡಿಸುತ್ತೇನೆ. ಅದು ತೀರುವಳಿಯಲ್ಲವೆಂದು ನನಗೆ ಗೊತ್ತು. ಆ ಯುವಕನ ಹಾಳೆಯ ಕೊನೆಯಲ್ಲಿ ಅಷ್ಟು ಸುಲಭವಾಗಿ ಅಡ್ಡಗೆರೆಯನ್ನು ಎಳೆದ ಕೈಗೆ ಆ ಅಭ್ಯಾಸ ಹಳೆಯದು.

ಹೊಸ ಮನೆಯನ್ನು ಹೂಡುವವರು ಬಾಗಿಲಿಗೆ ತೋರಣ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ತಮ್ಮ ಸಾಲಗಳನ್ನು ಬರೆದುಕೊಳ್ಳುವುದು ಒಳ್ಳೆಯದು. ಬಡ್ಡಿಯವರ ಹೆಸರುಗಳು ತಾವಾಗಿಯೇ ನೆನಪಿಗೆ ಬರುತ್ತವೆ, ಅವರು ನೆನಪುಮಾಡುತ್ತಲೂ ಇರುತ್ತಾರೆ. ಉಳಿದವರ ಹೆಸರುಗಳನ್ನು ಯೋಚಿಸಿ ಬರೆಯಬೇಕು. ಸಾಧ್ಯವಾದರೆ ಮೇಲಿನ ಸಾಲಿನಲ್ಲಿ ಬರೆಯಬೇಕು. ಸಲ್ಲಿಸುವ ಮೊತ್ತ ಸಣ್ಣದಾಗಿರಬಹುದು, ಅವಧಿ ದೀರ್ಘವಾಗಿರಬಹುದು. ನೆನಪಿದೆಯೆಂಬ ಮಾತನ್ನು ಮಾತ್ರ ತಡಮಾಡದೆ ಹೋಗಿ ಹೇಳಬೇಕು. ಸರ ಇನ್ನೂ ಅಡವಿನಲ್ಲಿಯೇ ಇದೆ. ಆದರೆ ಮೂರನೆಯ ರಸೀತಿಯಾದ ಮೇಲೆ, ಕಳೆದ ತಿಂಗಳು, ಅಕ್ಕ ನಂಜನಗೂಡಿಗೆ ಬಂದು ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಹೋದಳೆಂದು ಕೇಳಿದೆನು.